ಸಿಂಚನಾಗೆ ಅಮೆರಿಕದ ಕಾಲೇಜು ಸಿಗುತ್ತಾ? ಅತ್ತಿಗೆಯ ಪ್ರಶ್ನೆಗೆ ಉದ್ದದ ಉತ್ತರ

ಅತ್ತಿಗೆ, ನಮಸ್ಕಾರ. ನಿನ್ನೆ ನೀವು ಗ್ರೂಪ್‌ನಲ್ಲಿ ಹಾಕಿದ್ದನ್ನು ಓದಿದೆ. ಸಿಂಚನಾಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611, ಫಸ್ಟ್ ಪಿಯುಸಿಯಲ್ಲಿ 600ಕ್ಕೆ 562. ಆಮ್ಹರ್ಸ್ಟ್, ವಿಲಿಯಮ್ಸ್ ಥರದ ಲಿಬರಲ್ ಆರ್ಟ್ಸ್ ಕಾಲೇಜಿಗೆ, ಅಂದರೆ ವಿಜ್ಞಾನ, ಸಾಹಿತ್ಯ ಎಲ್ಲಾ ಒಟ್ಟಿಗೆ ಓದಿಸುವ ಸಣ್ಣ ಡಿಗ್ರಿ ಕಾಲೇಜಿಗೆ, ಅರ್ಜಿ ಹಾಕಿದರೆ ಚಾನ್ಸ್ ಎಷ್ಟು ಅಂತ ಕೇಳಿದ್ದೀರಿ. ಶ್ರೀಪಾದ ಚಿಕ್ಕಪ್ಪ ಯಾವುದೋ ಆಪ್‌ನಲ್ಲಿ ಅಂಕ ತುಂಬಿ ನೋಡಿದರಂತೆ, 38 ಪರ್ಸೆಂಟ್ ಅಂತ ತೋರಿಸಿತಂತೆ. ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಆರು ಲಕ್ಷ ಕೊಟ್ಟರೆ ಸೀಟು ಗ್ಯಾರಂಟಿ ಅಂದರು ಅಂತಲೂ ಬರೆದಿದ್ದೀರಿ. ಇದು ಉದ್ದ ಆಗುತ್ತೆ ಅತ್ತಿಗೆ, ಅಡುಗೆ ಮುಗಿದ ಮೇಲೆ ಸಮಾಧಾನವಾಗಿ ಕೇಳಿ. ಅಣ್ಣನೂ ಜೊತೆಗೆ ಕೂತು ಕೇಳಲಿ.

ಮೊದಲು ಆ ಆರು ಲಕ್ಷ. ದಯವಿಟ್ಟು ಕೊಡಬೇಡಿ. ನಾನು ಇಲ್ಲಿ ಅಮೆರಿಕದ ಒಂದು ಸಣ್ಣ ಕಾಲೇಜಿನ ಅಡ್ಮಿಷನ್ ಆಫೀಸಿನಲ್ಲಿ ಅರ್ಜಿಗಳನ್ನು ಓದುವ ಕೆಲಸ ಮಾಡಿದವಳು. ಅಲ್ಲಿ ಸೀಟು ಗ್ಯಾರಂಟಿ ಮಾಡುವ ಶಕ್ತಿ ಹೊರಗಿನ ಒಬ್ಬರಿಗೂ ಇಲ್ಲ. ಇದೆ ಅಂದವರು ಸುಳ್ಳು ಹೇಳುತ್ತಿದ್ದಾರೆ.

ಇನ್ನು ಆ 38 ಪರ್ಸೆಂಟ್. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಅದನ್ನು ಮರೆತುಬಿಡಿ. ನಮ್ಮ ಸಿಇಟಿಯಲ್ಲಿ ರ್‍ಯಾಂಕ್ ಬರುತ್ತೆ, ಹೋದ ವರ್ಷದ ಕಟಾಫ್ ನೋಡಿದರೆ ಸೀಟು ಸಿಗುತ್ತೋ ಇಲ್ಲವೋ ಸುಮಾರಾಗಿ ಗೊತ್ತಾಗುತ್ತೆ. ಇಲ್ಲಿ ಕಟಾಫ್ ಅನ್ನೋದೇ ಇಲ್ಲ. ಅರ್ಜಿಯನ್ನು ಮನುಷ್ಯರು ಕೂತು ಓದುತ್ತಾರೆ, ಚರ್ಚೆ ಮಾಡುತ್ತಾರೆ, ಆಮೇಲೆ ತೀರ್ಮಾನ ಮಾಡುತ್ತಾರೆ. ಜಾಗವೂ ತುಂಬಾ ಕಡಿಮೆ. ವಿಲಿಯಮ್ಸ್‌ನಲ್ಲಿ ಒಂದು ವರ್ಷಕ್ಕೆ ಸೇರುವವರು ಸುಮಾರು 550 ಮಕ್ಕಳು, ಅಷ್ಟೇ. ಅರ್ಜಿ ಹಾಕಿದ ನೂರು ಮಂದಿಯಲ್ಲಿ ಆಮ್ಹರ್ಸ್ಟ್ ಹತ್ತಕ್ಕಿಂತ ಕಡಿಮೆ ಮಂದಿಯನ್ನು ತೆಗೆದುಕೊಳ್ಳುತ್ತದೆ, ಇಂಥದ್ದೇ ಕಾಲೇಜುಗಳಾದ ಸ್ವಾರ್ಥ್‌ಮೋರ್ ಮತ್ತು ಪೊಮೋನಾ ಕೂಡ ಹಾಗೇ. ಅದು ಎಲ್ಲರನ್ನೂ ಸೇರಿಸಿದ ಲೆಕ್ಕ. ಹೊರದೇಶದ ಮಕ್ಕಳಿಗೆ ಅದಕ್ಕಿಂತಲೂ ಬಿಗಿ.

ಆದರೆ ಅತ್ತಿಗೆ, ನೀವು ಅಂಕ ಹೇಳಿದ್ದೀರಿ, ಒಂದು ಮುಖ್ಯ ಸಂಖ್ಯೆ ಹೇಳಿಲ್ಲ. ವರ್ಷಕ್ಕೆ ಮನೆಯಿಂದ ಎಷ್ಟು ದುಡ್ಡು ಹೊಂದಿಸೋಕಾಗುತ್ತೆ? ಅದು ಗೊತ್ತಾಗದೆ ಚಾನ್ಸ್ ಬಗ್ಗೆ ಮಾತಾಡೋಕೇ ಆಗಲ್ಲ. ದುಡ್ಡಿನ ವಿಷಯ ಸೀಟು ಸಿಕ್ಕ ಮೇಲೆ ನೋಡಿಕೊಳ್ಳೋಣ ಅಂತ ನಮ್ಮ ಕಡೆ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಸೀಟು ಸಿಗುವುದಕ್ಕೂ ದುಡ್ಡಿಗೂ ಮೊದಲಿನಿಂದಲೇ ನಂಟಿದೆ.

ಈ ಕಾಲೇಜುಗಳಲ್ಲಿ ಫೀಸು, ಹಾಸ್ಟೆಲ್, ಊಟ ಎಲ್ಲಾ ಸೇರಿ ವರ್ಷಕ್ಕೆ 85 ಸಾವಿರ ಡಾಲರ್‌ಗಿಂತ ಜಾಸ್ತಿ ಆಗುತ್ತೆ. ನಮ್ಮ ಲೆಕ್ಕದಲ್ಲಿ 70 ಲಕ್ಷದ ಮೇಲೆ. ಹಾಗಂತ ಗಾಬರಿ ಆಗಬೇಡಿ. ಸೀಟು ಕೊಟ್ಟ ಮೇಲೆ ಮನೆಯ ಆದಾಯ ನೋಡಿ, ನಿಮ್ಮಿಂದ ಆಗದ ಭಾಗವನ್ನು ಪೂರ್ತಿ ತಾವೇ ತುಂಬಿಕೊಡುವ ಕಾಲೇಜುಗಳು ಇಲ್ಲಿ ಇವೆ. ವಿಲಿಯಮ್ಸ್ ಅಂತೂ ಸಾಲದ ಬದಲು ಆ ಹಣವನ್ನು ಅನುದಾನವಾಗಿಯೇ ಕೊಡುತ್ತದೆ.

ವ್ಯತ್ಯಾಸ ಇರುವುದು ಯಾವಾಗ ನೋಡುತ್ತಾರೆ ಅನ್ನುವುದರಲ್ಲಿ. ಆಮ್ಹರ್ಸ್ಟ್‌ನಲ್ಲಿ ಹೊರದೇಶದ ಮಗು ಎಷ್ಟು ಸಹಾಯ ಕೇಳಿದೆ ಅನ್ನುವುದನ್ನು ಸೀಟು ಕೊಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೇನ್ ರಾಜ್ಯದ ಬೋಡನ್ ಕಾಲೇಜೂ 2022ರಲ್ಲಿ ಇದೇ ನಿಯಮಕ್ಕೆ ಬಂತು. ಇಂಥವು ಬೆರಳೆಣಿಕೆಯಷ್ಟು. ಉಳಿದ ಬಹುತೇಕ ಕಡೆ, ವಿಲಿಯಮ್ಸ್ ಸೇರಿ, ಹೊರದೇಶದ ಮಕ್ಕಳ ಸಹಾಯಕ್ಕೆ ಅಂತ ಒಂದು ಮೊತ್ತ ಇರುತ್ತೆ, ಅದರೊಳಗೇ ಹೊಂದಿಸಬೇಕು. ಕೊನೆಗೆ ಇಬ್ಬರು ಸರಿಸಮ ಕಂಡರೆ ಕಡಿಮೆ ಕೇಳಿದ ಮಗುವಿಗೆ ಅನುಕೂಲ ಆಗುತ್ತೆ. ನ್ಯಾಯವಾ ಅಂದರೆ ನನಗೂ ಅಲ್ಲ ಅನಿಸುತ್ತೆ. ಆದರೆ ಇರುವುದು ಹೀಗೆ, ಮಗುವಿಗೆ ಮೊದಲೇ ಗೊತ್ತಿರಬೇಕು.

ಹಾಗಾದರೆ ಆಮ್ಹರ್ಸ್ಟ್, ಬೋಡನ್‌ಗೇ ಹಾಕಿಬಿಡೋಣ ಅಂತ ಅಣ್ಣ ಅನ್ನಬಹುದು. ಇಡೀ ಪ್ರಪಂಚದಲ್ಲಿ ದುಡ್ಡಿಲ್ಲದ ಬುದ್ಧಿವಂತ ಮಕ್ಕಳೆಲ್ಲ ಅಲ್ಲೇ ಹಾಕುತ್ತಾರೆ ಅಣ್ಣ. ಅಲ್ಲಿ ನಿಯಮ ಒಳ್ಳೆಯದು, ನೂಕುನುಗ್ಗಲು ಜಾಸ್ತಿ.

ಸಹಾಯ ಬೇಡ ಅಂತ ಬರೆದು ಸೀಟು ತಗೊಂಡು ಆಮೇಲೆ ಕೇಳೋಣ ಅನ್ನುವ ಯೋಚನೆ ಬೇಡವೇ ಬೇಡ. ಮೊದಲು ಕೇಳದ ಹೊರದೇಶದ ಮಕ್ಕಳಿಗೆ ನಡುವೆ ಸಹಾಯ ಕೊಡದ ಕಾಲೇಜುಗಳು ತುಂಬಾ ಇವೆ. ಎರಡನೇ ವರ್ಷ ಫೀಸು ಕಟ್ಟೋಕಾಗದೆ ಮಗು ವಾಪಸ್ ಬರುವ ಹಾಗಾಗಬಾರದು.

ಸಹಾಯಕ್ಕೆ ಸಿಎಸ್‌ಎಸ್ ಪ್ರೊಫೈಲ್ ಅಂತ ಒಂದು ಫಾರಂ ತುಂಬಬೇಕು. ಅದರಲ್ಲಿ ತೋಟ, ಮನೆ, ಸಾಲ ಎಲ್ಲಾ ಬರೆಯಬೇಕು. ನಮ್ಮದು ಕೃಷಿ ಆದಾಯ, ಟ್ಯಾಕ್ಸ್ ರಿಟರ್ನ್ ಇಲ್ಲ ಅಂತ ಅಣ್ಣ ಕೈ ಚೆಲ್ಲಬಾರದು. ಹೋದ ಎರಡು ವರ್ಷ ಅಡಿಕೆ ಮಂಡಿಯಲ್ಲಿ, ಸೊಸೈಟಿಯಲ್ಲಿ ಕೊಟ್ಟ ಪಟ್ಟಿಗಳನ್ನೆಲ್ಲ ಒಂದು ಕಡೆ ಸೇರಿಸಲಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಲಿ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ ಅಂತ ಒಂದು ಪುಟದ ವಿವರಣೆ ನಾನು ಬರೆದುಕೊಡುತ್ತೇನೆ. ಒಂದು ರೂಪಾಯಿಯನ್ನೂ ಮುಚ್ಚಿಡಬೇಡಿ, ಒಂದು ರೂಪಾಯಿ ಇಲ್ಲದ್ದನ್ನೂ ತೋರಿಸಬೇಡಿ.

ಈಗ ಸಿಂಚನಾ ವಿಷಯ. ಅಂಕ ಚೆನ್ನಾಗಿದೆ. ನೀವು ಫಸ್ಟ್ ಪಿಯುಸಿ ಲೆಕ್ಕಕ್ಕೆ ಬರಲ್ಲ ಅಲ್ವಾ ಅಂತ ಕೇಳಿದ್ದೀರಿ. ಬರುತ್ತೆ ಅತ್ತಿಗೆ. ಒಂಬತ್ತನೇ ತರಗತಿಯಿಂದ ನಾಲ್ಕೂ ವರ್ಷ ನೋಡುತ್ತಾರೆ. ಅವಳು ಓದಿದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಒಂಬತ್ತು, ಹತ್ತರ ಅಂಕಪಟ್ಟಿಗೆ ಹೆಡ್‌ಮಾಸ್ಟರ್ ಸಹಿ, ಸೀಲು ಹಾಕಿಸಿಕೊಳ್ಳಿ. 562 ಅನ್ನುವುದು ಆ ಕಾಲೇಜಿನಲ್ಲಿ ಎಷ್ಟನೇ ಸ್ಥಾನ ಅಂತ ಪ್ರಿನ್ಸಿಪಾಲರು ಬರೆದರೆ ಅದಕ್ಕೆ ಬೆಲೆ ಬೇರೆ. ಓದುವವರಿಗೆ ಸಾಗರದ ಪಿಯು ಕಾಲೇಜು ಗೊತ್ತಿರಲ್ಲ. ಅಲ್ಲಿ ಏನೇನು ಸೌಲಭ್ಯ ಇದೆ, ಏನಿಲ್ಲ, ಅದರೊಳಗೆ ಈ ಹುಡುಗಿ ಎಲ್ಲಿ ನಿಂತಿದ್ದಾಳೆ, ಅದನ್ನು ಹುಡುಕುತ್ತಾರೆ.

ಶಿಫಾರಸು ಪತ್ರಗಳದ್ದೇ ನನಗೆ ದೊಡ್ಡ ಚಿಂತೆ. ಸಾಮಾನ್ಯವಾಗಿ ಇಬ್ಬರು ಲೆಕ್ಚರರ್‌ಗಳು ಬರೆಯಬೇಕು. ನಮ್ಮ ಕಡೆ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬರೆದು ಅಭ್ಯಾಸ. ಒಳ್ಳೆಯ ನಡತೆಯ, ವಿಧೇಯ ವಿದ್ಯಾರ್ಥಿನಿ, ಭವಿಷ್ಯ ಉಜ್ವಲವಾಗಲಿ, ಮುಗೀತು. ಅಂಥ ಪತ್ರ ಬಂದರೆ ಓದುವವರಿಗೆ ಏನೂ ಸಿಗಲ್ಲ, ಎಷ್ಟೋ ಒಳ್ಳೆಯ ಮಕ್ಕಳ ಅರ್ಜಿ ಅಲ್ಲೇ ಸಪ್ಪೆ ಆಗುತ್ತೆ. ಸಿಂಚನಾ ತನ್ನ ಬಯಾಲಜಿ ಮೇಡಂ ಹತ್ತಿರ ಹೋಗಿ, ತರಗತಿಯಲ್ಲಿ ತಾನು ಕೇಳಿದ ಪ್ರಶ್ನೆ, ಮಾಡಿದ ಪ್ರಯೋಗ, ತಪ್ಪಾಗಿ ಮತ್ತೆ ಸರಿ ಮಾಡಿದ್ದು, ಇದನ್ನೆಲ್ಲ ಒಂದು ಹಾಳೆಯಲ್ಲಿ ನೆನಪಿಗೆ ಬರೆದು ಕೊಡಲಿ. ಪತ್ರ ಮೇಡಂ ಅವರೇ ತಮ್ಮ ಮಾತಿನಲ್ಲಿ ಬರೆಯಲಿ. ಇಂಗ್ಲಿಷ್ ಸೊಗಸಾಗಿ ಇರಬೇಕು ಅಂತೇನಿಲ್ಲ. ನಡೆದ ಒಂದು ಸಂಗತಿ ಇದ್ದರೆ ಸಾಕು.

ಅತ್ತಿಗೆ, ನೀವು ಅವಳ ಸಾಧನೆ ಅಂತ ಭರತನಾಟ್ಯ ಜೂನಿಯರ್, ಪ್ರತಿಭಾ ಕಾರಂಜಿ, ಎನ್‌ಸಿಸಿ ಬರೆದಿದ್ದೀರಿ. ಎಲ್ಲವೂ ಇರಲಿ. ಆದರೆ ತೋಟದ ಅಡಿಕೆಗೆ ಬರುವ ಕೊಳೆರೋಗದ ಬಗ್ಗೆ ಅವಳು ಬರೆದಿಟ್ಟ ಪುಸ್ತಕದ ವಿಷಯ ಒಂದಕ್ಷರವೂ ಬರೆದಿಲ್ಲ! ಹೋದ ಸಲ ಬಂದಾಗ ಅವಳು ನನಗೆ ತೋರಿಸಿದ್ದಳು. ಯಾವ ದಿನ ಎಷ್ಟು ಮಳೆ, ಮರ ಹತ್ತುವ ಕೊನೆಗಾರರು ಯಾವತ್ತು ಬೋರ್ಡೋ ಔಷಧಿ ಹೊಡೆದರು, ಮಳೆ ಬಿಡುವು ಕೊಡದೆ ಔಷಧಿ ಎಷ್ಟು ದಿನ ತಡವಾಯಿತು, ಯಾವ ಸಾಲಿನಲ್ಲಿ ಎಷ್ಟು ಕಾಯಿ ಉದುರಿತು, ಎಲ್ಲಾ ಬರೆದಿಟ್ಟಿದ್ದಾಳೆ. ಮೈಲುತುತ್ತ, ಸುಣ್ಣದ ಅಳತೆ ಹೆಚ್ಚುಕಡಿಮೆ ಆದರೆ ಏನಾಗುತ್ತೆ ಅಂತ ಅಪ್ಪನ ಹತ್ತಿರ ವಾದ ಮಾಡಿದ್ದೂ ಇದೆ. ಯಾರೂ ಹೇಳದೆ, ಯಾವ ಬಹುಮಾನಕ್ಕೂ ಅಲ್ಲದೆ ಒಂದು ಮಗು ಇದನ್ನು ವರ್ಷಗಟ್ಟಲೆ ಮಾಡುತ್ತೆ ಅಂದರೆ, ಅರ್ಜಿ ಓದುವವಳಾಗಿ ಹೇಳುತ್ತೇನೆ, ಆ ಹಾಳೆಯಲ್ಲಿ ನಾನು ನಿಲ್ಲುತ್ತೇನೆ. ಕಾಮನ್ ಆಪ್ ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆನ್‌ಲೈನ್ ಅರ್ಜಿ, ಅದರಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗ ಇದೆ, ಒಂದೊಂದರ ವಿವರಕ್ಕೆ 150 ಅಕ್ಷರ ಮಾತ್ರ. ಮೊದಲನೇ ಜಾಗ ಇದಕ್ಕೇ ಕೊಡಬೇಕು. ಮನೆಯಲ್ಲಿ ಅಡಿಕೆ ಸುಲಿಯೋದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಕೂಡ ಅದರಲ್ಲಿ ಬರೆಯುವಂಥದ್ದೇ.

ಪ್ರಬಂಧ 650 ಪದದೊಳಗೆ ಇರಬೇಕು. ಅದನ್ನು ಅವಳೇ ಬರೆಯಲಿ. ನಾನೂ ತಿದ್ದಲ್ಲ, ಓದಿ ಪ್ರಶ್ನೆ ಕೇಳುತ್ತೇನೆ ಅಷ್ಟೇ. ಏಳನೇ ತರಗತಿವರೆಗೆ ಕನ್ನಡ ಮೀಡಿಯಂ ಅಂತ ಹಿಂಜರಿಯೋದು ಬೇಡ. ಮೊದಲು ಕನ್ನಡದಲ್ಲಿ ಯೋಚಿಸಿ ಬರೆದುಕೊಂಡು ಆಮೇಲೆ ಇಂಗ್ಲಿಷ್‌ನಲ್ಲಿ ಕೂತರೂ ಆದೀತು. ಎಸ್‌ಎಟಿ, ಅಂದರೆ 1600 ಅಂಕದ ಇಲ್ಲಿನ ಪ್ರವೇಶ ಪರೀಕ್ಷೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೋಡನ್ 1969ರಿಂದಲೇ ಅದನ್ನು ಕಡ್ಡಾಯ ಮಾಡಿಲ್ಲ. ಬರೆದು 1500ರ ಮೇಲೆ ಬಂದರೆ ಕಳಿಸೋಣ, ಇಲ್ಲದಿದ್ದರೆ ಕಡ್ಡಾಯ ಅಲ್ಲದ ಕಾಲೇಜುಗಳಿಗೆ ಕಳಿಸುವುದು ಬೇಡ.

ನನ್ನ ಅಂದಾಜು ಕೇಳಿ. ಆಮ್ಹರ್ಸ್ಟ್, ಬೋಡನ್ ತುಂಬಾ ಕಷ್ಟ, ಆದರೂ ಎರಡಕ್ಕೂ ಹಾಕಲಿ. ಅರ್ಜಿಯನ್ನು ಗಂಭೀರವಾಗಿ ಓದುವಷ್ಟು ಗಟ್ಟಿ ಇದ್ದಾಳೆ. ವಿಲಿಯಮ್ಸ್ ದೊಡ್ಡ ಸಹಾಯ ಕೇಳಿದರೆ ಇನ್ನೂ ಕಷ್ಟ. ನನ್ನ ಮನಸ್ಸಿರುವುದು ಬೇರೆ ಎರಡರ ಮೇಲೆ. ಒಂದು ಅಯೋವಾದ ಗ್ರಿನೆಲ್. ಸಣ್ಣ ಊರು, ಸುತ್ತ ಜೋಳದ ಹೊಲ, ಐದರಲ್ಲಿ ಒಬ್ಬರಷ್ಟು ಹೊರದೇಶದ ಮಕ್ಕಳು, ಅರ್ಜಿಗೆ ಫೀಸೂ ಇಲ್ಲ. ಇನ್ನೊಂದು ಮೌಂಟ್ ಹೋಲಿಯೋಕ್, 1837ರಲ್ಲಿ ಮೇರಿ ಲಯನ್ ಹೆಣ್ಣುಮಕ್ಕಳಿಗೆ ಅಂತ ಶುರು ಮಾಡಿದ್ದು. ಆಮ್ಹರ್ಸ್ಟ್ ಅಲ್ಲಿಗೆ ಹತ್ತಿರ, ಆಮ್ಹರ್ಸ್ಟ್‌ನ ತರಗತಿಗೂ ಹೋಗಿ ಕೂರಬಹುದು. ಓಹಾಯೋದ ವೂಸ್ಟರ್ ಕೂಡ ಪಟ್ಟಿಯಲ್ಲಿ ಇರಲಿ. ಅಲ್ಲಿ ಪ್ರತಿಯೊಬ್ಬರೂ ಕೊನೇ ವರ್ಷ ಸ್ವಂತ ಸಂಶೋಧನೆ ಮಾಡಿ ಬರೆಯಲೇಬೇಕು, ಇವಳಿಗೆ ಹೇಳಿ ಮಾಡಿಸಿದ ಹಾಗಿದೆ. ಅಣ್ಣನಿಗೆ ಇಷ್ಟವಾದ ಎ.ಕೆ. ರಾಮಾನುಜನ್ ಪಾಠ ಮಾಡಿದ್ದ ಕಾರ್ಲ್‌ಟನ್ ಕೂಡ ಇಂಥದ್ದೇ ಕಾಲೇಜು, ಮಿನೆಸೋಟದಲ್ಲಿದೆ, ಬೇಕಾದರೆ ಸೇರಿಸೋಣ.

ಹೊರದೇಶದ ಎಷ್ಟು ಮಕ್ಕಳಿಗೆ ಸಹಾಯ ಕೊಟ್ಟರು, ಸರಾಸರಿ ಎಷ್ಟು ಕೊಟ್ಟರು ಅಂತ ನೀವೇ ನೋಡಬಹುದು. ಹೆಚ್ಚಿನ ಕಾಲೇಜುಗಳು ಕಾಮನ್ ಡೇಟಾ ಸೆಟ್ ಅಂತ ವರ್ಷಕ್ಕೊಂದು ವರದಿ ಹಾಕುತ್ತವೆ. ಅದರಲ್ಲಿ ಎಚ್6 ಅನ್ನುವ ಭಾಗ ತೆಗೆಯಿರಿ. ಯಾವ ಆಪ್‌ಗಿಂತಲೂ ಆ ಎರಡು ಸಾಲು ಜಾಸ್ತಿ ಹೇಳುತ್ತವೆ.

ಅರ್ಲಿ ಡಿಸಿಷನ್ ಅಂತ ಒಂದಿದೆ. ನವೆಂಬರ್ ಮೊದಲರ್ಧದಲ್ಲಿ ಒಂದೇ ಕಾಲೇಜಿಗೆ ಹಾಕಿ, ಸಿಕ್ಕರೆ ಬರುತ್ತೇನೆ ಅಂತ ಮಾತು ಕೊಡುವುದು. ಕೊಟ್ಟ ಸಹಾಯ ಸಾಲದಿದ್ದರೆ ಬಿಡಬಹುದು. ಅಲ್ಲಿ ಸೀಟು ಸಿಗುವ ಪ್ರಮಾಣ ಜಾಸ್ತಿ ಕಾಣುತ್ತೆ, ಆದರೆ ಅದರಲ್ಲಿ ಕಾಲೇಜಿನವರು ಮೊದಲೇ ಆರಿಸಿಕೊಂಡ ಆಟಗಾರರೂ ಸೇರಿರುತ್ತಾರೆ. ಆ ಒಂದು ಅವಕಾಶವನ್ನು ಆಮ್ಹರ್ಸ್ಟ್‌ಗೆ ಖರ್ಚು ಮಾಡದೆ ಗ್ರಿನೆಲ್‌ಗೋ ಮೌಂಟ್ ಹೋಲಿಯೋಕ್‌ಗೋ ಬಳಸಲಿ ಅಂತ ನನ್ನ ಸಲಹೆ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಜನವರಿ ಮೊದಲರ್ಧದಲ್ಲಿ ಗಡುವು, ಫಲಿತಾಂಶ ಮಾರ್ಚ್ ಕೊನೆಗೆ.

ಊರಿನ ದಾರಿ ಬಿಡಬೇಡಿ. ಸಿಇಟಿ ಬರೆಯಲಿ, ಕೃಷಿಕರ ಕೋಟಾಕ್ಕೆ ಬೇಕಾದ ಕಾಗದ ಈಗಲೇ ಮಾಡಿಸಿ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯ ನಮ್ಮ ತಾಲ್ಲೂಕಿನಲ್ಲೇ ಇದೆ, ಕೊಳೆರೋಗದ ಬಗ್ಗೆ ಓದುವವಳಿಗೆ ಅದಕ್ಕಿಂತ ಹತ್ತಿರದ ಜಾಗ ಯಾವುದು? ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಆದಾಯ ನೋಡಿ ಫೀಸಿನಲ್ಲಿ ಸಹಾಯ ಮಾಡುತ್ತಾರೆ, ಅದಕ್ಕೂ ಹಾಕಲಿ. ಇವು ಸೋತವರು ಹೋಗುವ ಜಾಗಗಳಲ್ಲ. ಅವಳ ಮುಂದೆ ಹಾಗೆ ಯಾರೂ ಮಾತಾಡಬೇಡಿ.

ಅಣ್ಣ, ಈ ಶನಿವಾರದೊಳಗೆ ನೀನು ವರ್ಷಕ್ಕೆ ಎಷ್ಟು ಹೊಂದಿಸಬಹುದು ಅನ್ನುವ ಸಂಖ್ಯೆ ನನಗೆ ಬೇರೆಯಾಗಿ ಕಳಿಸು, ಗ್ರೂಪ್‌ನಲ್ಲಿ ಬೇಡ. ತೋಟ ಅಡ ಇಟ್ಟು ಬರುವ ದುಡ್ಡನ್ನು ಅದರಲ್ಲಿ ಸೇರಿಸಬೇಡ. ಭಾನುವಾರ ಬೆಳಿಗ್ಗೆ ನಿಮ್ಮ ಎಂಟು ಗಂಟೆಗೆ ಫೋನ್ ಮಾಡುತ್ತೇನೆ. ಅತ್ತಿಗೆ, ಆಗ ಮಾತಾಡುವುದು ಸಿಂಚನಾ ಒಬ್ಬಳೇ. ಅವಳಿಗೆ ಇಲ್ಲಿಗೆ ಬರಬೇಕು ಅನಿಸಿದೆಯಾ ಅಂತ ನಾನು ಅವಳ ಬಾಯಿಂದಲೇ ಕೇಳಬೇಕು.