ಎತ್ತರದ ಗಾಡಿಗಳು ಕಾರ್ ವಾಶ್ ಟನಲ್‌ಗೆ ನುಗ್ಗದಂತೆ ತಡೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದ್ದು:
ನಮ್ಮದು ಕನ್ವೇಯರ್ ಇರೋ ಟನಲ್ ವಾಶ್, ಅಂದರೆ ಗಾಡಿಯನ್ನು ತಾನೇ ಮುಂದಕ್ಕೆ ಸಾಗಿಸುತ್ತಾ ತೊಳೆಯೋ ಸುರಂಗ. ಗರಿಷ್ಠ ಎತ್ತರ 7 ಅಡಿ ಅಂತ ಬಾಗಿಲಲ್ಲೇ ದೊಡ್ಡ ಬೋರ್ಡ್ ಇದೆ. ಆದರೂ ಕ್ಯಾರಿಯರ್ ಮೇಲೆ ಬಾಕ್ಸ್ ಹಾಕಿಕೊಂಡಿದ್ದ ಎಸ್‌ಯುವಿ ಒಂದು ಒಳಗೆ ಹೋಗಿ, ಗಾಳಿ ಬಿಟ್ಟು ಒಣಗಿಸೋ ಬ್ಲೋವರ್‌ಗೆ ಸಿಕ್ಕಿಕೊಂಡಿತು. ಬಾಕ್ಸ್ ಒಡೆಯಿತು, ರೂಫ್ ರೇಲ್ ಕಿತ್ತು ಬಂತು, ಬ್ಲೋವರ್ ಬ್ರಾಕೆಟ್ ಬಾಗಿತು. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ. ಎತ್ತರದ ಗಾಡಿಗೆ ತಾಗಲಿ ಅಂತ ದಾರಿಗೆ ಅಡ್ಡಲಾಗಿ ನೇತುಹಾಕುವ ಪೈಪ್ ಸಾಕಾ, ಎತ್ತರ ಹಿಡಿಯೋ ಸೆನ್ಸರ್ ಹಾಕಿಸಲೇಬೇಕಾ?

ಟನಲ್ ನಡೆಸುವವರು:
ಸರ್, ಬೋರ್ಡ್ ಇರಲಿ, ಆದರೆ ಅದನ್ನು ನಂಬಿ ಕೂರಬೇಡಿ. ಓದಿದವರಿಗೂ ತಮ್ಮ ಗಾಡಿ ಎಷ್ಟು ಎತ್ತರ ಅಂತ ಗೊತ್ತಿರೋದಿಲ್ಲ. ಗೊತ್ತಿದ್ದರೂ ಅದು ಖಾಲಿ ಗಾಡಿಯ ಅಳತೆ. 1.75 ಮೀಟರ್ ಎಸ್‌ಯುವಿಗೆ ಕ್ಯಾರಿಯರ್ ಕಂಬಿ ಒಂದು 10 ಸೆಂಟಿಮೀಟರ್, ಮೇಲಿನ ಬಾಕ್ಸ್ ಒಂದು 40 ಅಂತ ಸೇರಿಸಿ ನೋಡಿ: 2.25 ಆಯಿತು. ನಿಮ್ಮ 7 ಅಡಿ ಅಂದರೆ 2.13 ಮೀಟರ್.

ಮೊದಲು ಟೇಪ್ ಹಿಡಿದು ಟನಲ್ ಉದ್ದಕ್ಕೂ ನಡೀರಿ. ಬಾಗಿಲಿನ ಎತ್ತರ ಮುಖ್ಯ ಅಲ್ಲ, ಒಳಗೆ ಎಲ್ಲಕ್ಕಿಂತ ಕೆಳಗೆ ಇಳಿದಿರೋದು ಯಾವುದು ಅನ್ನೋದು ಮುಖ್ಯ. ಎಷ್ಟೋ ಕಡೆ ಅದು ಬ್ಲೋವರ್‌ನ ಬಾಯಿಯೇ ಆಗಿರುತ್ತೆ. ಟೈರ್ ಉರುಳುವ ಜಾಗದಿಂದಲೇ ಅಳೆಯಿರಿ. ನೆಲಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿದ್ದರೆ ಹಳೇ ಬೋರ್ಡಿನ ಲೆಕ್ಕ ತಪ್ಪು. ಒಳಗೆ ಹೋಗುವಲ್ಲಿ ಇಳಿಜಾರು ಇದ್ದರೆ ಇನ್ನೂ ಹುಷಾರು: ಉದ್ದನೆಯ ಗಾಡಿಯ ಮುಂದಿನ ಚಕ್ರ ಸಮತಟ್ಟಿನಲ್ಲಿ, ಹಿಂದಿನದು ಇಳಿಜಾರಿನಲ್ಲಿ ಇರುವಾಗ ನಡುವಿನ ತಗ್ಗಿನ ಮೇಲೆ ಅದರ ಮೈ ಎತ್ತಿಕೊಂಡು ನಿಂತಿರುತ್ತೆ, ಗಾಡಿಯ ಮಾಡು (ರೂಫ್) ಅಷ್ಟು ಮೇಲೆ ಬರುತ್ತೆ. ಇದಕ್ಕೇ ಪೈಪನ್ನು ಸಿಕ್ಕಿದ ಅತಿ ಕಡಿಮೆ ಎತ್ತರಕ್ಕಿಂತ ಎರಡು ಮೂರು ಇಂಚು ಕೆಳಗೆ ತೂಗಿಸಬೇಕು.

ಪಿವಿಸಿ ಪೈಪ್, ಎರಡೂ ತುದಿಗೆ ಸರಪಳಿ, ಕೆಂಪು ಬಿಳಿ ಹೊಳೆಯುವ ಟೇಪ್. ದಾರಿಯ ಪೂರ್ತಿ ಅಗಲಕ್ಕೆ ಇರಬೇಕು. ಕಬ್ಬಿಣದ ಗಟ್ಟಿ ಕಮಾನು ಮಾತ್ರ ಬೇಡ, ಅದೇ ಗಾಡಿಯನ್ನು ಜಜ್ಜುತ್ತೆ. ಇಷ್ಟೆಲ್ಲಕ್ಕಿಂತ ದೊಡ್ಡ ವಿಷಯ ಜಾಗ. ದುಡ್ಡು ಕಟ್ಟೋ ಕೌಂಟರ್‌ಗಿಂತ ಮುಂಚೆ, ಪಕ್ಕಕ್ಕೆ ತಿರುಗಿಸಿ ಹೊರಗೆ ಹೋಗೋಕೆ ದಾರಿ ಇರುವಲ್ಲಿ ಪೈಪ್ ಹಾಕಿ. ದುಡ್ಡು ಕಟ್ಟಿಯಾಗಿದೆ, ಹಿಂದೆ ಸಾಲು ನಿಂತಿದೆ ಅಂದಮೇಲೆ ಪೈಪ್ ಟಕ್ ಅಂದರೂ ಜನ ಮುಂದಕ್ಕೇ ಬಿಡ್ತಾರೆ.

ಸೆನ್ಸರ್ ಕೆಲಸ ಮಾಡುವವರು:
ಎರಡೂ ಬೇಕು ಅಂತೀನಿ. ಪೈಪ್ ಡ್ರೈವರ್‌ಗೆ ಎಚ್ಚರಿಕೆ ಕೊಡುತ್ತೆ, ಮಷೀನನ್ನು ನಿಲ್ಲಿಸೋದು ಸೆನ್ಸರ್.

ದಾರಿಯ ಒಂದು ಬದಿಯಿಂದ ಕಾಣದ ಬೆಳಕಿನ ಕಿರಣ, ಇನ್ನೊಂದು ಬದಿಯಲ್ಲಿ ಅದನ್ನು ಹಿಡಿಯೋ ಘಟಕ. ಕಿರಣ ಕಡಿದರೆ ಸೈರನ್ ಕೂಗಿದರಷ್ಟೇ ಸಾಲದು, ಟೈರನ್ನು ತಳ್ಳೋ ರೋಲರ್ ಮೇಲೆ ಬರಲೇಬಾರದು, ಹಾಗೆ ವೈರಿಂಗ್ ಮಾಡಿಸಿ. ವೈರ್ ತುಂಡಾದರೂ, ಕರೆಂಟ್ ಹೋದರೂ "ನಿಲ್ಲು" ಅಂತಲೇ ಆಗಬೇಕು.

ಆಂಟೆನಾಕ್ಕೆಲ್ಲ ನಿಲ್ಲುತ್ತೆ ಅಂತ ಬೇಸತ್ತು ಹುಡುಗರು ಸೆನ್ಸರನ್ನೇ ಆಫ್ ಮಾಡಿಟ್ಟಿರೋದು ಎಷ್ಟೋ ಕಡೆ ನೋಡಿದ್ದೀನಿ. ಅದಕ್ಕೆ ಅಕ್ಕಪಕ್ಕ ಎರಡು ಕಿರಣ ಹಾಕಿಸಿ, ಎರಡೂ ಒಟ್ಟಿಗೆ ಕಡಿದಾಗ ಮಾತ್ರ ನಿಲ್ಲೋ ಹಾಗೆ ಮಾಡಿ. ಸಣ್ಣ ಕಡ್ಡಿಯಂಥ ಆಂಟೆನಾ ಒಂದು ಸಲಕ್ಕೆ ಒಂದನ್ನೇ ಕಡಿಯುತ್ತೆ, ಬಾಕ್ಸ್ ಎರಡನ್ನೂ ಕಡಿಯುತ್ತೆ. ಲೆನ್ಸ್ ಮೇಲೆ ನೀರ ಹನಿ, ಸೋಪು ಕೂತರೂ ಸುಮ್ಮಸುಮ್ಮನೆ ನಿಲ್ಲುತ್ತೆ. ದಿನಾ ಶುರು ಮಾಡೋ ಮುಂಚೆ ಒರೆಸಿ, ಅಳತೆ ಗುರುತು ಹಾಕಿದ ಕೋಲಿಗೆ ಮೇಲೊಂದು ಅಗಲ ಪಟ್ಟಿ ಹೊಡೆದು ಕಿರಣಕ್ಕೆ ಹಿಡಿದು ನೋಡಿ. ರೋಲರ್ ನಿಂತರೆ ಸರಿ.

ಎಂಟ್ರಿಯಲ್ಲಿ ನಿಂತು ಗಾಡಿ ಬಿಡುವವರು:
ಪೈಪ್ ದಾಟಿದ ಮೇಲೂ ಗಾಡಿ ಎತ್ತರ ಆಗುತ್ತೆ ಅಣ್ಣ, ಇದನ್ನು ಯಾರೂ ಹೇಳಲಿಲ್ಲ. ಬಂಪರ್ ಕೆಳಗೆ ಕಾಲು ಆಡಿಸಿದರೆ ಡಿಕ್ಕಿ ತೆರೆಯೋ ಗಾಡಿಗಳಿವೆಯಲ್ಲ, ಕೀ ಒಳಗೇ ಇರುವಾಗ ಹಿಂದಿನಿಂದ ನೀರು ರಭಸವಾಗಿ ಹೊಡೆದರೆ ಕಾಲೇ ಬಂತು ಅಂದುಕೊಂಡು ಡಿಕ್ಕಿ ಬಾಗಿಲು ಮೇಲೇಳಬಹುದು. ಅದು ಎದ್ದರೆ ನೇರ ಬ್ರಷ್‌ಗೆ. ಗಾಡಿಯ ಆ ಡಿಕ್ಕಿ ಸೆನ್ಸರ್ ಆಫ್ ಮಾಡಿಸಿ, ಇಲ್ಲ ಗಾಡಿಯಲ್ಲಿ ಕಾರ್ ವಾಶ್ ಮೋಡ್ ಇದ್ದರೆ ಹಾಕಿಸಿ ಬಿಡಿ. ಏರ್ ಸಸ್ಪೆನ್ಷನ್ (ಗಾಳಿಯ ಒತ್ತಡದಿಂದ ಮೈ ಏರಿಸಿ ಇಳಿಸೋ) ಗಾಡಿಯನ್ನು ಎತ್ತಿಟ್ಟಿದ್ದರೆ ಇಳಿಸಿ ಅನ್ನಿ. ಹಿಂದೆ ಸೈಕಲ್ ಸ್ಟ್ಯಾಂಡ್, ಪಿಕಪ್‌ನ ತೊಟ್ಟಿಯಲ್ಲಿ ಏಣಿ ಇದ್ದರೆ ಮುಂದಿನಿಂದ ಕಾಣಲ್ಲ, ಒಂದು ಸುತ್ತು ಬಂದು ನೋಡಬೇಕು. ಆಮೇಲೆ, ಕೆಂಪು ಸ್ಟಾಪ್ ಬಟನ್ ಎಂಟ್ರಿಯಲ್ಲಿ ಒಂದು, ಬ್ಲೋವರ್ ಹತ್ತಿರ ಒಂದು ಇರಲಿ. ಅಲ್ಲಿಂದ ಇಲ್ಲಿಗೆ ಓಡಿ ಬರೋಷ್ಟರಲ್ಲಿ ಮಾಡು ಹೋಗಿರುತ್ತೆ.

ಇನ್ನೊಬ್ಬರು:
ಗಾಡಿ ನಿಂತಲ್ಲೇ ನಿಂತು ಮಷೀನ್ ಓಡಾಡುವ ಥರದ್ದಾದರೆ ಮೇಲಿನ ಬ್ರಷ್ ಆಫ್ ಮಾಡೋ ಆಯ್ಕೆ ಇದೆಯಾ ನೋಡಿ. ಎತ್ತರ ಸರಿ ಇದ್ದರೂ ಕ್ಯಾರಿಯರ್ ಕಂಬಿಗೆ ಬ್ರಷ್ ಸುತ್ತಿಕೊಳ್ಳುತ್ತೆ.

ಕೇಳಿದವರು:
ತುಂಬಾ ಉಪಕಾರ ಆಯಿತು. ಒಂದೇ ತೊಂದರೆ, ನಮ್ಮಲ್ಲಿ ಪಕ್ಕಕ್ಕೆ ತಿರುಗಿಸೋಕೆ ಜಾಗ ಇಲ್ಲ.

ಟನಲ್ ನಡೆಸುವವರು:
ಹಾಗಾದರೆ ಗಾಡಿ ರಸ್ತೆಯಿಂದ ಒಳಗೆ ತಿರುಗೋ ಗೇಟಿಗೇ ಪೈಪ್ ಹಾಕಿ. ಕೌಂಟರ್ ಮತ್ತು ಕನ್ವೇಯರ್ ನಡುವೆ ಒಂದೇ ಗಾಡಿ ನಿಲ್ಲೋ ಹಾಗೆ ಮಾಡಿ, ಅದು ಒಳಗೆ ಹೋಗೋವರೆಗೆ ಮುಂದಿನದನ್ನು ಬಿಡಬೇಡಿ. ಆಗ ಸೆನ್ಸರ್ ತಡೆದರೂ ಹಿಂದಕ್ಕೆ ತೆಗೆಯೋಕೆ ಜಾಗ ಇರುತ್ತೆ. ದುಡ್ಡು ವಾಪಸ್ ಕೊಡೋಕೆ ಕೌಂಟರ್‌ನವರಿಗೆ ಅಲ್ಲೇ ಅಧಿಕಾರ ಕೊಟ್ಟಿಡಿ, ವಾದಕ್ಕೆ ಇಳಿಯದೆ ಗಾಡಿ ಹೊರಡುತ್ತೆ.