5 ದಾಸವಾಳದಲ್ಲಿ ಒಂದಕ್ಕೇ ಜಾಗ, ಯಾವುದನ್ನು ಉಳಿಸಲಿ?

ಪೆರ್ಲದ ಟೀಚರ್:
ಕಾರು ಅಂಗಳದವರೆಗೆ ಬರಬೇಕು ಅಂತ ಮಗ ದಾರಿ ಅಗಲ ಮಾಡಿಸುತ್ತಿದ್ದಾನೆ. ಗುರುವಾರ ಜೆಸಿಬಿ ಬರುತ್ತದೆ. ಕಡಿಯಬೇಕಾದ ದರೆಯ (ದಾರಿ ಬದಿಯ ಮಣ್ಣಿನ ದಿಬ್ಬದ) ಬದಿಯಲ್ಲಿ ನನ್ನ 11 ದಾಸವಾಳ ಇವೆ, ಬೇರೆ ಕಡೆ ಜಾಗ ಇರುವುದು 7ಕ್ಕೆ ಮಾತ್ರ. ಆರು ಯಾವುದು ಅಂತ ತೀರ್ಮಾನ ಆಗಿದೆ. ಅತ್ತೆ ನೆಟ್ಟ ಊರಿನ ಕೆಂಪು, ಜುಮುಕಿ, ಬಿಳಿ, ಮತ್ತೆ ಯಾವ ತಕರಾರೂ ಇಲ್ಲದ ಮೂರು. ಉಳಿದ ಒಂದು ಜಾಗಕ್ಕೆ ನರ್ಸರಿಯಿಂದ ತಂದ ಐದು ಕಸಿ ಗಿಡಗಳ ಜಗಳ.

ಹಳದಿ ಮುದ್ದೆಯದ್ದು (ಒತ್ತೊತ್ತು ಎಸಳಿನದ್ದು) ನಾಲ್ಕು ವರ್ಷದಲ್ಲಿ ಸರಿಯಾಗಿ ಅರಳಿದ್ದು ಒಂಬತ್ತೇ ಹೂ. ನಾನು ಎಣಿಸಿದ್ದೇನೆ. ಮೊಗ್ಗು ಕಿರುಬೆರಳಿನಷ್ಟು ಆಗುತ್ತದೆ, ಮರುದಿನ ಬುಡದಲ್ಲಿ ಬಿದ್ದಿರುತ್ತದೆ. ನೇರಳೆಯದ್ದು ಫೋಟೋದಲ್ಲಿ ಮಾತ್ರ ನೇರಳೆ. ನಮ್ಮ ಬಿಸಿಲಿಗೆ ನೂರು ಸಲ ಒಗೆದ ಸೀರೆಯ ಬಣ್ಣ. ಕೇಸರಿಯ ಹೂ ಊಟದ ತಟ್ಟೆಯಷ್ಟು ಅಗಲ, ಎರಡು ದಿನ ಬಾಡುವುದಿಲ್ಲ. ಆದರೆ ತಲೆ ತಗ್ಗಿಸಿಯೇ ಇರುತ್ತದೆ, ನೋಡಬೇಕಾದರೆ ಕುಕ್ಕರುಗಾಲಲ್ಲಿ ಕೂರಬೇಕು. ಆಟಿ ತಿಂಗಳ ಜೋರು ಮಳೆ ಬಂತೆಂದರೆ ಎಲೆ ಎಲ್ಲ ಉದುರಿಸಿ ಕೋಲಾಗುತ್ತದೆ. ಗುಲಾಬಿ ಬಣ್ಣದ ಮುದ್ದೆಯಲ್ಲಿ ಹೂ ಸಿಕ್ಕಾಪಟ್ಟೆ, ಅಷ್ಟೇ ಹಿಟ್ಟು ತಿಗಣೆ (ಬಿಳಿ ಹಿಟ್ಟಿನ ಹಾಗೆ ಅಂಟಿಕೊಳ್ಳುವ ಹುಳ). ಐದನೆಯದ್ದರಲ್ಲಿ ಮೊದಲ ವರ್ಷ ಹಳದಿ ಹೂ, ನಡುವೆ ಕೆಂಪು ಕಣ್ಣು. ಈಗ ಬರೀ ಸಣ್ಣ ಕೆಂಪು ಹೂ. ಮೋಸದ ಗಿಡ ಅಲ್ವಾ?

ಬದಿಯಡ್ಕದಿಂದ:
ಮೋಸ ಅಲ್ಲ ಟೀಚರ್. ಬುಡದ ಕಸ ಸರಿಸಿ ನೋಡಿ. ಕಸಿ ಕಟ್ಟಿದ ಕಡೆ ಗಂಟು ಇರುತ್ತದೆ. ಅದರ ಕೆಳಗಿನಿಂದ ಚಿಗುರು ಬಂದರೆ ಅದು ಬೇರಿಗೆ ಅಂತ ಕೆಳಗೆ ಬಳಸಿದ ಗಿಡದ್ದು, ನೀವು ದುಡ್ಡು ಕೊಟ್ಟದ್ದಲ್ಲ. ಅದಕ್ಕೆ ಸೊಕ್ಕು ಜಾಸ್ತಿ, ಮೇಲಿನದ್ದನ್ನು ಕೆಲವೇ ವರ್ಷದಲ್ಲಿ ಒಣಗಿಸಬಹುದು. ಗಂಟಿನ ಮೇಲೆ ಒಂದು ಹಸಿರು ಗೆಲ್ಲು ಇದ್ದರೂ ಕೆಳಗಿನದ್ದನ್ನೆಲ್ಲ ಬುಡದಿಂದ ಚಿವುಟಿಬಿಡಿ, ಗಿಡ ಉಳಿಯಬಹುದು. ಇಲ್ಲದಿದ್ದರೆ ಕೀಳಿ.

ಗುಲಾಬಿ ಇರಲಿ. ತಿಗಣೆ ಇದ್ದಲ್ಲಿ ಇರುವೆ ಇರುತ್ತದೆ. ಇರುವೆ ಹತ್ತದ ಹಾಗೆ ನೋಡಿಕೊಳ್ಳಿ, ಪೈಪಿನ ನೀರು ಜೋರಾಗಿ ಬಿಡಿ. ಆಮೇಲೆ ಬೇವಿನ ಎಣ್ಣೆ, ಲೀಟರಿಗೆ 5 ಮಿಲ್ಲಿ, ಸ್ವಲ್ಪ ಸೋಪಿನ ನೀರಲ್ಲಿ ಕದಡಿ, ಸಂಜೆ ಹೊತ್ತು.

ಕುಂಬಳೆಯ ಹೂಗಾತಿ:
ಹಳದಿಗೆ ಕೋಳಿಗೊಬ್ಬರ ಹಾಕುತ್ತೀರಾ? ಅದರಲ್ಲಿರುವ ರಂಜಕ (ಫಾಸ್ಫರಸ್) ಜಾಸ್ತಿ ಆದರೆ ದಾಸವಾಳಕ್ಕೆ ಆಗುವುದಿಲ್ಲ. ಮುದ್ದೆ ಜಾತಿಗಳು ಒಂದು ದಿನ ನೀರು ತಪ್ಪಿದರೂ ಮೊಗ್ಗು ಉದುರಿಸುತ್ತವೆ. ಆದರೂ ನಾಲ್ಕು ವರ್ಷ ನೋಡಿದ್ದೀರಿ, ಸಾಕು.

ಕೇಸರಿಯನ್ನು ಮಾತ್ರ ಬಿಸಾಡಬೇಡಿ. ಬೆಂಗಳೂರಲ್ಲಿ ವರ್ಷಕ್ಕೆ 1000 ಮಿಲ್ಲಿ ಮೀಟರ್ ಆಸುಪಾಸು ಮಳೆ, ನಮ್ಮ ಕಾಸರಗೋಡು ಕಡೆ 3000ಕ್ಕೂ ಮೇಲೆ. ಬೇರು ನೀರಲ್ಲಿ ನಿಂತರೆ ಯಾವ ಕಸಿ ಗಿಡ ತಾನೇ ಕೋಲಾಗುವುದಿಲ್ಲ? ಚಟ್ಟಿಗೆ ಹಾಕಿ, ಮಳೆ ಹೊಡೆಯದ ಹಾಗೆ ಮಾಡಿನ ಅಂಚಿಗೆ ಇಡಿ. ಬಿಸಿಲು ಮಾತ್ರ ಬೀಳಬೇಕು. ಜಗಲಿ ಕಟ್ಟೆಯ ಮೇಲೆ ಇಟ್ಟರೆ ಅಂಗಳದಲ್ಲಿ ನಿಂತವರಿಗೆ ಹೂವಿನ ಮುಖ ಕಾಣುತ್ತದೆ. ತಗ್ಗಿದ ತಲೆಗೆ ಅದೇ ಮದ್ದು.

ಪೆರ್ಲದ ಟೀಚರ್:
ಐದನೆಯದ್ದರ ಬುಡ ನೋಡಿ ಬಂದೆ. ಅಡಿಕೆ ಸಿಪ್ಪೆ ಸರಿಸಿದರೆ ಗಂಟು ಸಿಕ್ಕಿತು. ಮೇಲೆ ಪೆನ್ಸಿಲಿನಷ್ಟು ಒಣಗಿದ ಕಡ್ಡಿ, ಉಗುರಲ್ಲಿ ಕೆರೆದೆ, ಹಸಿರೇ ಇಲ್ಲ. ಕೆಳಗಿನಿಂದ ಮೂರು ದಪ್ಪ ಗೆಲ್ಲು. ಅದರ ಹೂವನ್ನೂ ಅತ್ತೆಯ ಗಿಡದ ಹೂವನ್ನೂ ಒಟ್ಟಿಗೆ ಇಟ್ಟು ನೋಡಿದೆ. ವ್ಯತ್ಯಾಸ ಗೊತ್ತಾಗಲಿಲ್ಲ. 350 ರೂಪಾಯಿ ಕೊಟ್ಟು ಅಂಗಳದಲ್ಲಿ ಇದ್ದದ್ದನ್ನೇ ತಂದ ಹಾಗಾಯಿತು. ಮಗನಿಗೆ ಹೇಳಿಲ್ಲ.

ಕೋಳಿಗೊಬ್ಬರ ಹಾಕಿದ್ದು ಹೌದು, ಅದೂ ಧಾರಾಳ. ಹಳದಿಯದ್ದು ನನ್ನದೇ ತಪ್ಪಿರಬಹುದು, ಆದರೂ ಹೋಗುತ್ತದೆ. ನೇರಳೆಯೂ ಹೋಗುತ್ತದೆ, ಅದರ ಪರವಾಗಿ ಇಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೇಸರಿ ಚಟ್ಟಿಗೆ, ಏಳನೆಯ ಜಾಗ ಗುಲಾಬಿಗೆ. ಮಳೆ ಹಿಡಿಯುವ ಹೊತ್ತು, ಅರ್ಧಕ್ಕೆ ಕತ್ತರಿಸಿ ಮಣ್ಣಿನ ಗಡ್ಡೆ ಸಮೇತ ಎಬ್ಬಿಸುತ್ತೇವೆ. ಕತ್ತರಿಸಿದ ಗುಲಾಬಿ ಗೆಲ್ಲು ತುಂಬಾ ಉಳಿಯುತ್ತದೆ. ಬೇಕಾದವರು ಬುಧವಾರ ಸಂಜೆಯೊಳಗೆ ಬನ್ನಿ. ತಿಗಣೆ ತೊಳೆದು ಕೊಡುತ್ತೇನೆ.