57ನೇ ಮಹಡಿಯ ಕೊಳ, 38ನೇ ಮಹಡಿಯ ಕಿಟಕಿ

“ಸಿಂಗಪುರಕ್ಕೆ ಹೋಗಿ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್‌ನಲ್ಲಿ ಇಳ್ಕೊಳ್ಳಲಿಲ್ವಾ? ಮತ್ತೇನು ಮಣ್ಣು ನೋಡ್ದೆ?” ಅಂತ ಗಿರೀಶ ಶುರು ಮಾಡಿದ.

“ಅದನ್ನೇ ನೋಡಿದ್ದು ಕಣೋ,” ಅಂದ ನಾಗರಾಜ. “ಎದುರುಗಡೆ ಒಂದು ಹೋಟೆಲ್‌ನಲ್ಲಿ, 38ನೇ ಮಹಡಿಯಲ್ಲಿ ಇದ್ದೆ. ಮೂರು ಕಟ್ಟಡದ ತಲೆ ಮೇಲೆ ಹಡಗಿನ ಆಕಾರದ ತಾರಸಿ ಕೂರಿಸಿದಾರಲ್ಲ, ಆ ಹಡಗಿನಲ್ಲೇ ಕೂತವರಿಗೆ ಹಡಗು ಎಲ್ಲಿ ಕಾಣತ್ತೆ?”

ಮಾತಿನಲ್ಲಿ ಹುರುಳಿತ್ತು. ಆದರೆ ಗಿರೀಶ ಸಿವಿಲ್ ಎಂಜಿನಿಯರ್, ಬಿಡುವವನಲ್ಲ. “ಆ ಹಡಗಿನ ಮೇಲೇ, 57ನೇ ಮಹಡಿಯಲ್ಲಿ 150 ಮೀಟರ್ ಉದ್ದದ ಈಜುಕೊಳ ಮಾರಾಯ! ಅಲ್ಲಿ ಇಳ್ಕೊಂಡವರಿಗೆ ಮಾತ್ರ ಬಿಡೋದು.”

“ಅದಕ್ಕೆ ಅಂಚೇ ಇಲ್ವಂತೆ? ನೀರು ರಸ್ತೆ ಮೇಲೆ ಬೀಳಲ್ವಾ?” ಶೈಲಾ ಕೇಳಿದಳು.

“ಅಂಚಿದೆ, ಸ್ವಲ್ಪ ತಗ್ಗಾಗಿದೆ ಅಷ್ಟೆ. ತುಂಬಿ ಹರಿದ ನೀರು ಕೆಳಗಿನ ತೊಟ್ಟಿಗೆ ಬೀಳತ್ತೆ, ಪಂಪು ಮತ್ತೆ ಮೇಲಕ್ಕೆ ತಳ್ಳತ್ತೆ. ಗಮ್ಮತ್ತು ಅದಲ್ಲ. ಗಾಳಿಗೆ ಮೂರು ಕಟ್ಟಡವೂ ಓಲಾಡತ್ತೆ, ಒಂದೊಂದೂ ಒಂದೊಂದು ಥರ. ಮೂರು ಜನ ಅಣ್ಣತಮ್ಮಂದಿರ ತಲೆ ಮೇಲೆ ಒಂದೇ ಹಲಗೆ ಹೊರಿಸಿದ ಹಾಗೆ. ಅದಕ್ಕೇ ಕೊಳದ ತಳದಲ್ಲಿ ಸಂದು ಬಿಟ್ಟಿದ್ದಾರೆ. ಮುಂದೆ ಕಟ್ಟಡ ಸ್ವಲ್ಪ ಕೆಳಕ್ಕೆ ಕೂತರೆ ಕೊಳಾನ ಮಟ್ಟ ಮಾಡೋಕೆ ಜಾಕ್ ಇಟ್ಟಿದ್ದಾರೆ.”

“ಕಾರಿಗೆ ಕೊಡ್ತಾರಲ್ಲ, ಆ ಜಾಕಾ?” ನಾಗರಾಜ ಎದೆ ಮೇಲೆ ಕೈಯಿಟ್ಟುಕೊಂಡ. “ಸದ್ಯ, ಇಳೀಲಿಲ್ಲ.”

ಅವನ ಹೋಟೆಲ್‌ನ ಪಾಡೇ ಬೇರೆ. ದೀಪ, ಪರದೆ, ಏಸಿ ಎಲ್ಲಕ್ಕೂ ಹಾಸಿಗೆ ಪಕ್ಕ ಒಂದೇ ಟ್ಯಾಬ್. ಗೋಡೆಯಲ್ಲಿ ಸ್ವಿಚ್ಚೇ ಇಲ್ಲ. (ಸ್ವಿಚ್ ಇಡದಿರುವುದಕ್ಕೆ ಜಾಸ್ತಿ ದುಡ್ಡು ತಗೊಳ್ಳುವುದು ಯಾವ ನ್ಯಾಯವೋ.) “ಮಲಗೋಣ ಅಂತ ದೀಪ ಆರಿಸೋಕೆ ಒತ್ತಿದೆ. ಸರ್ರ್ ಅಂತ ಪರದೆ ತೆರೀತು. ನಾನು ಬನಿಯನ್‌ನಲ್ಲಿ, ಇಡೀ ಮರೀನಾ ಬೇ ಎದುರಿಗೆ!”

“ಹಡಗಿನವರಿಗೂ ನೋಡೋಕೆ ಏನಾದ್ರೂ ಬೇಕಲ್ವಾ?” ಅಂದಳು ಶೈಲಾ.

ಮೊಸರಿನ ಕಥೆ ಇನ್ನೂ ಚೆನ್ನಾಗಿತ್ತು. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಿಂದ ಮೊಸರು ತಂದಿದ್ದರು. ಫ್ರಿಜ್‌ನಲ್ಲಿ ಜಾಗವಿಲ್ಲ. ಇವನ ಹೆಂಡತಿ ಅಲ್ಲಿದ್ದ ಬಿಯರ್, ಕೋಲಾ ಎಲ್ಲ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮೊಸರಿಟ್ಟಳು. ಮಾರನೇ ದಿನ ಅಷ್ಟಕ್ಕೂ ಬಿಲ್! ಫ್ರಿಜ್‌ನಲ್ಲಿ ಡಬ್ಬಿ ಇಡುವ ಜಾಗದಲ್ಲೇ ಸೆನ್ಸರ್. ಎತ್ತಿ ಸ್ವಲ್ಪ ಹೊತ್ತಾದರೆ ಕುಡಿದ ಲೆಕ್ಕ.

“ಕೊಟ್ಯಾ?”

“ರೂಮಿಗೆ ಕರ್ಕೊಂಡು ಹೋಗಿ ತೋರಿಸಿದ ಮೇಲೆ ಬಿಟ್ರು. ಕುಡೀದೆ ಅಷ್ಟು ತಲೆ ತಿರುಗಿದ್ದು ಅದೇ ಮೊದಲು.”

“ಹೋಗ್ಲಿ, ಅಷ್ಟೆತ್ತರದಲ್ಲಿ ಗಾಳಿಯಾದ್ರೂ ಚೆನ್ನಾಗಿತ್ತಾ?” ಅಂದೆ ನಾನು.

“ಗಾಳೀನಾ? ಕಿಟಕಿ ತೆಗೆಯೋಕೇ ಬರಲ್ಲ.”

“ಬರಬಾರದು,” ಗಿರೀಶ ಮತ್ತೆ ಎದ್ದ. “ಆ ಎತ್ತರದ ಗಾಳಿಗೆ ನಿನ್ನ ಪರದೆ ಸಮುದ್ರಕ್ಕೆ ಹೋಗಿರೋದು.”

“ಅಲ್ಲಪ್ಪ, ಅಲ್ಲಿನ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ ಎಷ್ಟೋ ಜನ ಕಿಟಕಿಯಾಚೆ ಬಿದಿರ ಗಳ ಚಾಚಿ ಆರಾಮಾಗಿ ಬಟ್ಟೆ ಒಣಹಾಕ್ತಾರೆ. ನಾನು ಅಷ್ಟು ಡಾಲರ್ ಸುರಿದು, ಒಗೆದ ಅಂಗೀನ ಕೂದಲು ಒಣಗಿಸೋ ಡ್ರೈಯರ್ ಹಿಡಿದು ಒಣಗಿಸ್ದೆ.”

“ಒಣಗಿತಾ?” ಶೈಲಾ ಕೇಳಿದಳು.

“ಒಂದು ತೋಳು ಒಣಗಿತು. ಆಮೇಲೆ ಡ್ರೈಯರ್ ಬಿಸಿಯಾಗಿ ನಿಂತೋಯ್ತು.”